ಕುಮ್ಕ್ವಾಟ್ ಸಿಕ್ರ ಸಿಪ್ಪಿ ಒಗೀಬ್ಯಾಡ್ರಿ

ಹ್ವಾದ ಚಳಿಗಾಲದಾಗ ಮಗ ಬೆಂಗಳೂರಿಂದ ಕಲಬುರಗಿಗೆ ಬರೋ ಮುಂದ ಒಂದು ಡಬ್ಬಿ ಸಣ್ಣ ಸಣ್ಣ ಹಣ್ಣು ತಂದಿದ್ದ, ಬಾರಿಹಣ್ಣಿಗಿಂತ ತುಸು ದೊಡ್ಡವು, ಉದ್ದಕ ಅದಾವ, ಬಣ್ಣ ಸಂತ್ರಾದ್ದೇ. ಇದಕ್ಕ ಕುಮ್ಕ್ವಾಟ್ ಅಂತಾರವ್ವ ಅಂದ. ನಾನು ಸಂತ್ರಾ ಸುಲ್ದಂಗ ಸುಲಿದು ಸಿಪ್ಪಿ ಒಗದು ತೊಳಿ ಬಾಯಾಗ ಹಾಕೊಂಡೆ, ಹಲ್ಲು ಜುಮ್ ಅಂದ್ವು ನೋಡ್ರಿ ಅಷ್ಟು ಹುಳಿ. ಆಮ್ಯಾಲ ಗೊತ್ತಾತು, ಈ ಹಣ್ಣಿನ ಸಿಹಿ ಎಲ್ಲಾ ಸಿಪ್ಪಿಯೊಳಗ ಇರ್ತದ, ತೊಳಿ ಹುಳಿ, ಹಿಂಗಾಗಿ ಸಿಪ್ಪಿ ಸಮೇತ ತಿನ್ನಬೇಕು. ಮೊದಲು ಎರಡು ಬೆರಳಿನ ನಡುವ ಸ್ವಲ್ಪ ಹೊರಳಾಡಿಸ್ರಿ, ಸಿಪ್ಪಿ ಎಣ್ಣಿ ಬಿಟ್ಟು ಘಮಘಮ ಅಂತದ, ಆಮ್ಯಾಲ ಇಡೀ ಹಣ್ಣು ಬಾಯಾಗ ಹಾಕಿ ಸಾವಕಾಶ ಅಗೀರಿ, ಬೀಜ ಅಷ್ಟೇ ಉಗುಳ್ರಿ. ಸಿಪ್ಪಿ ತಿನ್ನೋದದ ಅಂದ್ಮ್ಯಾಲ ಉಗುರುಬೆಚ್ಚನ ನೀರಾಗ ಛಲೋತ್ನಾಗ ತಿಕ್ಕಿ ತೊಳೀಲೇಬೇಕು.

ಇದು ಚೀನಾ ಕಡಿಂದು, ಅಲ್ಲಿ ಕ್ಯಾಂಟನೀಸ್ ಭಾಷಾದಾಗ ಹೆಸರಿನ ಅರ್ಥ ಬಂಗಾರದ ಕಿತ್ತಳಿ ಅಂತ, ಹೊಸ ವರ್ಷದ ಹಬ್ಬಕ್ಕ ಹಣ್ಣು ತುಂಬಿದ ಗಿಡ ಮನ್ಯಾಗ ತಂದಿಡ್ತಾರಂತ.

ನರ್ಸರ್ಯಾಗ ಒಂದು ಮಾತು ನೆನಪಿಡ್ರಿ. ಚೈನಾ ಆರೆಂಜ್ ಅಂತ ಕೊಡ್ತಾರಲ್ಲ, ಅದು ಹೆಚ್ಚಾಗಿ ಕಲಮಾಂಡಿನ್ ಇರ್ತದ, ಕುಮ್ಕ್ವಾಟಿನ ಸಂಬಂಧಿನೇ ಆದ್ರೂ ಬ್ಯಾರೆ. ಅದು ದುಂಡಗ, ಮ್ಯಾಲ ಕೆಳಗ ಸ್ವಲ್ಪ ಚಪ್ಪಟಿ, ಸಿಪ್ಪಿ ಸಡಿಲ ಇದ್ದು ಲಗೂನ ಬಿಚ್ಚತದ, ರಸ ನಿಂಬಿಹಣ್ಣಿನಂಗ. ಶರಬತ್ತಿಗೆ, ಸಾರಿಗೆ ಭಾಳ ಛಲೋ, ಹಂಗೇ ತಿನ್ಲಕ್ಕ ಮಾತ್ರ ಆಗಂಗಿಲ್ಲ. ಕುಮ್ಕ್ವಾಟಿನೊಳಗೂ ದುಂಡಗಿನ ಜಾತಿ ಅದಾವ, ಅದಕ್ಕ ಬರೀ ಆಕಾರ ನೋಡಬ್ಯಾಡ್ರಿ, ಸಿಪ್ಪಿ ಅಂಟ್ಕೊಂಡದೋ ಸಡಿಲ ಅದನೋ ನೋಡ್ರಿ. ಪೂರಾ ಬಣ್ಣ ಬಂದ ಮ್ಯಾಲೇ ಕೀಳ್ರಿ, ಹರಿದ ಮ್ಯಾಲ ಇದು ಮಾವಿನಕಾಯಂಗ ಅಡಿ ಹಾಕಿದ್ರ ಹಣ್ಣಾಗಂಗಿಲ್ಲ.

ನನಗ ಇದರಾಗ ಎಲ್ಲಾಕ್ಕಿಂತ ಹಿಡಿಸಿದ್ದು ಉಪ್ಪಿನಕಾಯಿ. ಅರ್ಧ ಕಿಲೋ ಹಣ್ಣು ತೊಳ್ದು ಬಟ್ಟಿಲೆ ಒರೆಸಿ ನೆರಳಾಗ ಒಂದು ತಾಸು ಆರಿಸ್ರಿ, ಒಂದು ಹನಿ ನೀರು ಉಳೀಬಾರ್ದು, ನಾಕು ಹೋಳು ಮಾಡಿ ಬೀಜ ತೆಗೀರಿ, 100 ಗ್ರಾಂ ಉಪ್ಪು, ಚಿಟಿಕಿ ಅರಿಷಿಣ ಹಾಕಿ ಗಾಜಿನ ಬರಣ್ಯಾಗ ತುಂಬಿ ಬಾಯಿಗೆ ಬಟ್ಟಿ ಕಟ್ಟಿ ಬಿಸಲಾಗ ಇಡ್ರಿ, ದಿನಾ ಒಮ್ಮೆ ಕುಲುಕ್ರಿ. ನಿಂಬಿಗಿಂತ ಇದರ ಸಿಪ್ಪಿ ತೆಳ್ಳಗ, ನಮ್ಮ ಬಿಸಲಿಗೆ ಎಂಟು ಹತ್ತು ದಿನದಾಗ ಮೆತ್ತಗಾಗ್ತದ. ಆಮ್ಯಾಲ ನಾಕು ಚಮಚ ಖಾರದಪುಡಿ, ಹುರಿದು ಕುಟ್ಟಿದ ಮೆಂತ್ಯ ಸಾಸ್ವಿ, ಎಣ್ಣಿ ಕಾಸಿ ಇಂಗಿನ ಒಗ್ಗರಣಿ, ಅದು ಪೂರಾ ಆರಿದ ಮ್ಯಾಲೇ ಹಾಕ್ರಿ. ಸಜ್ಜಿ ರೊಟ್ಟಿ, ಗಟ್ಟಿ ತೊಗರಿಬ್ಯಾಳಿ ಜೋಡಿ ಭಾಳ ಚಂದ ಹೊಂದತದ. ಅಲ್ಯುಮಿನಿಯಂ ಪಾತ್ರಿ ಮಾತ್ರ ಮುಟ್ಟಬ್ಯಾಡ್ರಿ, ಹುಳಿ ಅದಕ್ಕ ಹತ್ತಿ ರುಚಿ ಕೆಡ್ತದ.

ಮುರಬ್ಬಾ ಮಾಡೋದಿದ್ರ ಹಣ್ಣಿಗೆ ಎರಡು ಗೀರು ಹಾಕಿ ಕುದಿಯೋ ನೀರಾಗ ಎರಡು ನಿಮಿಷ ಬಿಟ್ಟು ಆ ನೀರು ಚೆಲ್ರಿ, ಕಹಿ ಇಳೀತದ, ಆಮ್ಯಾಲ ಹಣ್ಣಿನಷ್ಟೇ ತೂಕದ ಸಕ್ರಿ ಹಾಕಿ ಸಣ್ಣ ಉರಿ ಮ್ಯಾಲ ಹಣ್ಣು ಗಾಜಿನಂಗ ಕಾಣೋ ತನಕ ಬೇಯಿಸ್ರಿ. ಜಾಮ್ ಮಾಡಿದ್ರ ಬೀಜ ಒಗೀಬ್ಯಾಡ್ರಿ, ತೆಳು ಬಟ್ಟ್ಯಾಗ ಗಂಟು ಕಟ್ಟಿ ಅದರಾಗೇ ಕುದಿಸಿ ಕೊನೀಗೆ ತೆಗೀರಿ, ಬೀಜದೊಳಗಿನ ಪೆಕ್ಟಿನ್‌ಲಿಂದ ಜಾಮ್ ತಾನಾಗೇ ಗಟ್ಟಿ ಆಗ್ತದ. ಆದ್ರ ಬೀಜ ಸಮೇತ ಮಿಕ್ಸಿಗೆ ಹಾಕಬ್ಯಾಡ್ರಿ, ನಾನು ಒಮ್ಮೆ ಹಾಕಿ ಇಡೀ ಶರಬತ್ತು ಕಹಿ ಆಗಿ ಚೆಲ್ಲಬೇಕಾತು.

ಸುಸಲಾಕ್ಕ ನಿಂಬಿ ಬದಲಿ ಎರಡು ಹಣ್ಣು ಸಣ್ಣಗ ಹೆಚ್ಚಿ ಹಾಕಿ ನೋಡ್ರಿ. ಉಳಿದವು ಫ್ರಿಡ್ಜಿನಾಗ ಎರಡು ವಾರ ಬರ್ತಾವ, ಹೊರಗಿಟ್ರ ಸಿಪ್ಪಿ ತೆಳ್ಳಗಿರೋದಕ್ಕ ಲಗೂನ ಒಣಗ್ತಾವ. ಗಿಡ ಪಾಟ್‌ನಾಗ ಹಚ್ಚಿದ್ರ ಏಪ್ರಿಲ್, ಮೇ ಬಿಸಲಾಗ ಮಧ್ಯಾಹ್ನ ನೆರಳಿಗೆ ಸರಿಸಿ ಸಂಜಿಗೆ ನೀರು ಹಾಕ್ರಿ, ನಮ್ಮ ಕಡಿ 40 ಡಿಗ್ರಿ ದಾಟಿದ ಮ್ಯಾಲ ಎಲಿ ಸುಟ್ಟು ಹೂವ ಉದುರಿ ಹೋಗ್ತಾವ.