ಇಂಜಿನ್ ಕೆಲಸ ಇರುವ ಹಳೇ ಡೀಸೆಲ್ ಸ್ವಿಫ್ಟ್: ತಗೊಳ್ಳೋದಾ, ಬಿಡೋದಾ?

"ಇಂಜಿನ್ ಸ್ವಲ್ಪ ಕೆಲಸ ಇದೆ ಸಾರ್, ಅದಕ್ಕೇ ರೇಟು ಕಮ್ಮಿ" ಎಂದು ಮಾರಾಟಕ್ಕೆ ಬರುವ ಗಾಡಿಗಳಲ್ಲಿ ನಾನು ಹೆಚ್ಚಾಗಿ ನೋಡುವುದು ಮಾರುತಿಯ ಡೀಸೆಲ್ ಸ್ವಿಫ್ಟ್, ಡಿಸೈರ್, ರಿಟ್ಜ್. ಮೂರರಲ್ಲೂ ಇರುವುದು ಫಿಯೆಟ್‌ನ 1.3 ಮಲ್ಟಿಜೆಟ್: 1248 ಸಿಸಿ, ನಾಲ್ಕು ಸಿಲಿಂಡರ್, ಟೈಮಿಂಗ್ ಚೈನ್. ಟಾಟಾ ವಿಸ್ಟಾ, ಮಾಂಜಾಗಳಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿ, ಫಿಯೆಟ್ ಪುಂಟೊ, ಲಿನಿಯಾದಲ್ಲಿ ತನ್ನದೇ ಹೆಸರಿನಲ್ಲಿ ಓಡಿದ್ದೂ ಇದೇ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂದಾಗ ಮಾರುತಿ ಡೀಸೆಲ್ ಕಾರು ನಿಲ್ಲಿಸಿತು. ಆದರೂ ಸ್ಪೇರ್ಸ್‌ಗೆ ಪರದಾಟವಿಲ್ಲ, ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಹೊಸದು, ಶಿವಾಜಿನಗರದ ಗುಜರಿಯಲ್ಲಿ ಹಳೆಯದು. ಕೆಲಸ ಗೊತ್ತಿರುವ ಮೆಕ್ಯಾನಿಕ್ ತಾಲ್ಲೂಕು ಊರಲ್ಲೂ ಸಿಗುತ್ತಾನೆ. ಈ ಇಂಜಿನ್ ಇರುವ ಗಾಡಿಯನ್ನು ದೋಷ ಗೊತ್ತಿದ್ದೂ ಕೊಳ್ಳಲು ನಾನು ಒಪ್ಪುವುದಕ್ಕೆ ಇದೇ ಮುಖ್ಯ ಕಾರಣ. ಇದೇ ರೇಟಿಗೆ ಸ್ಪೇರ್ಸ್ ಸಿಗದ ದೊಡ್ಡ ಕಾರು ಬಂದರೆ ಬಾನೆಟ್ ಎತ್ತುವುದಕ್ಕೂ ಹೋಗುವುದಿಲ್ಲ.

ಮಾರುವವರು ಹೇಳುವ ಕಾರಣವನ್ನು ಕೇಳಿಸಿಕೊಳ್ಳುತ್ತೇನೆ, ಲೆಕ್ಕಕ್ಕೆ ಹಿಡಿಯುವುದಿಲ್ಲ. "ಸೆನ್ಸರ್ ಅಷ್ಟೇ" ಎನ್ನುವುದು ಮಾಮೂಲು ಮಾತು. ಮೂರು ಸಾವಿರದ ಸೆನ್ಸರ್ ಹಾಕಿಸಿದರೆ ಗಾಡಿಗೆ ಐವತ್ತು ಸಾವಿರ ಹೆಚ್ಚು ಬರುತ್ತದೆ ಎಂದಾದರೆ ಯಾವ ಬ್ರೋಕರೂ ಹಾಕಿಸದೆ ಬಿಡುವುದಿಲ್ಲ. ನನಗೆ ಬೇಕಾಗಿರುವುದು ಇಷ್ಟು: ದೋಷ ಗಾಳಿಯ ಕಡೆಯದೋ, ಡೀಸೆಲ್ ಕಡೆಯದೋ, ಆಯಿಲ್ ಕಡೆಯದೋ, ನೀರಿನ ಕಡೆಯದೋ. ಅದು ತಿಳಿದರೆ ಆ ಕಡೆ ಆಗಬಹುದಾದ ಅತಿ ದೊಡ್ಡ ಖರ್ಚನ್ನು ಹಿಡಿದು ರೇಟು ಕಟ್ಟುತ್ತೇನೆ.

ನೋಡಲು ಹೋಗುವ ಮೊದಲೇ ಫೋನಿನಲ್ಲಿ ಹೇಳಿಡುವುದು: ರಾತ್ರಿಯಿಂದ ಗಾಡಿ ಸ್ಟಾರ್ಟ್ ಮಾಡಿರಬಾರದು. ಹೋದ ಕೂಡಲೇ ಇಂಜಿನ್‌ನಿಂದ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಹತ್ತಿರ ಕೈ ಹಿಡಿಯುತ್ತೇನೆ. ಬೆಚ್ಚಗಿದ್ದರೆ ಅಂದಿನ ಪರೀಕ್ಷೆ ಅಲ್ಲಿಗೇ ಮುಗಿಯಿತು, ಮಾರನೇ ಬೆಳಿಗ್ಗೆ ಮತ್ತೆ. ಈ ಇಂಜಿನ್‌ನ ಅರ್ಧ ರೋಗ ತಣ್ಣಗಿರುವಾಗಿನ ಮೊದಲ ಅರ್ಧ ನಿಮಿಷದಲ್ಲೇ ಕಾಣುತ್ತದೆ.

ಸ್ಟಾರ್ಟ್ ಮಾಡುವ ಮುಂಚೆ ನೀರಿನ ಟ್ಯಾಂಕಿನ ಮುಚ್ಚಳ. ಇಲ್ಲಿ ಅವಸರ ಮಾಡುವುದಿಲ್ಲ. ಬಿಳಿ ಟಿಶ್ಯೂ ಕಾಗದವನ್ನು ಟ್ಯಾಂಕಿನ ಒಳಗೋಡೆಗೆ ಒರೆಸಿ ನೋಡಿ. ಕಂದು ಬಣ್ಣದ ತುಕ್ಕಿನ ಪುಡಿ ಬಂದರೆ ಕೂಲಂಟ್ ಬದಲು ಬರೀ ನಲ್ಲಿ ನೀರು ಓಡಿಸಿದ್ದಾರೆ ಎಂದರ್ಥ. ಕಾಫಿ ಬಣ್ಣದ, ಬೆರಳಿಗೆ ಅಂಟುವ ಜಿಡ್ಡು ಬಂದರೆ ನೀರಿಗೆ ಆಯಿಲ್ ಸೇರಿದೆ. ಇದನ್ನು ನೋಡಿದವರೆಲ್ಲ "ಹೆಡ್ ಗ್ಯಾಸ್ಕೆಟ್ (ಇಂಜಿನ್‌ನ ಹೆಡ್, ಬ್ಲಾಕ್ ನಡುವಿನ ಸೀಲು) ಹೋಗಿದೆ" ಎಂದು ತೀರ್ಮಾನಿಸಿ ಎದ್ದುಬಿಡುತ್ತಾರೆ. ಮಲ್ಟಿಜೆಟ್‌ನಲ್ಲಿ ಇನ್ನೊಂದು ದಾರಿ ಇದೆ: ಆಯಿಲ್ ಫಿಲ್ಟರ್ ಹೌಸಿಂಗ್ ಜೊತೆಗಿರುವ ಆಯಿಲ್ ಕೂಲರ್. ಇಂಜಿನ್ ಓಡುವಾಗ ಆಯಿಲ್‌ನ ಒತ್ತಡ ನೀರಿನ ಒತ್ತಡಕ್ಕಿಂತ ಹೆಚ್ಚು. ಹೀಗಾಗಿ ಕೂಲರ್ ಒಳಗೆ ಸೀಳು ಬಿಟ್ಟರೆ ಆಯಿಲ್ ನೀರಿಗೆ ಹೋಗುತ್ತದೆ. ಆಯಿಲ್ ಮಟ್ಟ ನೋಡುವ ಡಿಪ್‌ಸ್ಟಿಕ್ ಮಾತ್ರ ಸ್ವಚ್ಛವಾಗಿಯೇ ಇರುತ್ತದೆ.

ಎರಡನ್ನೂ ಬೇರೆ ಮಾಡುವ ಬಗೆ ಹೀಗೆ. ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿಸಿ ರೇಡಿಯೇಟರ್‌ನ ಮೇಲಿನ ಹೋಸ್ ಹಿಡಿದುಕೊಳ್ಳಿ. ಒಂದು ನಿಮಿಷದೊಳಗೆ, ನೀರು ಇನ್ನೂ ಬಿಸಿಯಾಗದೆ ಹೋಸ್ ಗಟ್ಟಿಯಾದರೆ ಸಿಲಿಂಡರ್ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ಇದನ್ನು ಖಾತ್ರಿ ಮಾಡಲು ಬ್ಲಾಕ್ ಟೆಸ್ಟರ್ ಬಳಸುತ್ತೇನೆ. ಟ್ಯಾಂಕಿನ ಬಾಯಿಗೆ ಇಡುವ ಗಾಜಿನ ಕೊಳವೆಯಲ್ಲಿ ನೀಲಿ ದ್ರವ ಇರುತ್ತದೆ. ಡೀಸೆಲ್ ಇಂಜಿನ್‌ನ ಗ್ಯಾಸ್ ತಾಗಿದರೆ ಹಸಿರಾಗುತ್ತದೆ, ಪೆಟ್ರೋಲ್‌ನದಾದರೆ ಹಳದಿ. ಟ್ಯಾಂಕಿನ ನೀರು ಎರಡು ಇಂಚು ಇಳಿಸಿಯೇ ಹಿಡಿಯಬೇಕು, ನೀರು ಕೊಳವೆಗೆ ಎಳೆದರೆ ದ್ರವ ಹಾಳು. ಹೋಸ್ ಮೆತ್ತಗಿದ್ದು, ದ್ರವ ನೀಲಿಯಾಗಿಯೇ ಉಳಿದು, ನೀರಲ್ಲಿ ಮಾತ್ರ ಆಯಿಲ್ ಇದ್ದರೆ ಆಯಿಲ್ ಕೂಲರ್ ಮೇಲೆಯೇ ನನ್ನ ಅನುಮಾನ. ಕೂಲರ್, ಸೀಲು, ನೀರಿನ ದಾರಿಯನ್ನೆಲ್ಲ ಮೂರ್ನಾಲ್ಕು ಸಲ ತೊಳೆಯುವ ಕೂಲಿ, ಹೊಸ ಕೂಲಂಟ್: ಇದು ಹೆಡ್ ಬಿಚ್ಚುವ ಕೆಲಸದ ಹತ್ತಿರಕ್ಕೂ ಬರುವುದಿಲ್ಲ. ಊರೆಲ್ಲ ಹೆಡ್ ಗ್ಯಾಸ್ಕೆಟ್ ಎಂದು ಬಿಟ್ಟ ಗಾಡಿ ಹೀಗೆ ಲಾಭಕ್ಕೆ ಸಿಗುವುದುಂಟು.

ದ್ರವ ಹಸಿರಾಯಿತೋ, ನಾನು ಆ ಗಾಡಿ ತೆಗೆದುಕೊಳ್ಳುವುದಿಲ್ಲ. ಗ್ಯಾಸ್ಕೆಟ್ ಅಗ್ಗ, ಹೆಡ್ ಫೇಸಿಂಗ್ ಕೂಡ ಲೇತ್‌ನಲ್ಲಿ ಮಾಡಿಸಬಹುದು. ಆದರೆ ಎಷ್ಟು ಹೊತ್ತು ಹೀಟ್ ಆಗಿ ಓಡಿದೆ, ಹೆಡ್‌ನಲ್ಲಿ ವಾಲ್ವ್ ಸೀಟುಗಳ ನಡುವೆ ಬಿರುಕು ಬಂದಿದೆಯೇ, ಪಿಸ್ಟನ್ ರಿಂಗಿನ ಬಿಗಿ ಉಳಿದಿದೆಯೇ ಎಂಬುದು ಬಿಚ್ಚುವ ತನಕ ತಿಳಿಯದು. ಬಿಚ್ಚುವ ಹೊತ್ತಿಗೆ ದುಡ್ಡು ಕೊಟ್ಟಾಗಿರುತ್ತದೆ.

ಆಯಿಲ್ ಮುಚ್ಚಳದ ಅಡಿಯ ಬಿಳಿ ಕೆನೆಗೆ ಮಾತ್ರ ಹೆದರಬೇಡಿ. ಮಲೆನಾಡಿನ ಮಳೆಗಾಲದಲ್ಲಿ, ದಿನಕ್ಕೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಅದು ಬರೀ ತೇವ. ಡಿಪ್‌ಸ್ಟಿಕ್ ಮೇಲೂ ಕೆನೆ ಇದ್ದರೆ ಬೇರೆ ಮಾತು.

ಈಗ ಕಿವಿಯ ಕೆಲಸ. ಸ್ಟಾರ್ಟ್ ಆದಾಗ ಬಲಗಡೆಯಿಂದ, ಅಂದರೆ ಚೈನ್ ಇರುವ ಕಡೆಯಿಂದ, ಒಂದೆರಡು ಸೆಕೆಂಡ್ ಗರಗರ ಸದ್ದು ಬಂದು ನಿಂತರೆ ಚೈನ್ ಬಿಗಿ ಹಿಡಿಯುವ ಟೆನ್ಷನರ್‌ಗೆ ಆಯಿಲ್ ಏರಲು ತೆಗೆದುಕೊಂಡ ಹೊತ್ತು ಅದು. ನಿಲ್ಲದೆ ಮುಂದುವರಿದರೆ ಚೈನ್ ಹಿಗ್ಗಿ ಸಡಿಲವಾಗಿದೆ. ಇದಕ್ಕೆ ಮೂಲ ಆಯಿಲ್‌ನ ಉದಾಸೀನ: ಅಡಿಯ ಆಯಿಲ್ ತೊಟ್ಟಿ ಸಂಪ್‌ನಲ್ಲಿ ಹಿಡಿಯುವುದೇ ಸುಮಾರು ಮೂರು ಲೀಟರ್, ಅದರಲ್ಲಿ ಒಂದು ಲೀಟರ್ ಕಡಿಮೆಯಾದರೂ ಟೆನ್ಷನರ್ ಸಡಿಲ. ಚೈನ್ ಹಲ್ಲು ಹಾರಿದರೆ ಪಿಸ್ಟನ್‌ಗೆ ವಾಲ್ವ್ ಬಡಿದು ರಾಕರ್ ಆರ್ಮ್‌ಗಳು ಮುರಿಯುತ್ತವೆ, ವಾಲ್ವ್ ಬಾಗುತ್ತವೆ. ಸದ್ದು ಇದ್ದೂ ಇಂಜಿನ್ ಸರಿಯಾಗಿ ಓಡುತ್ತಿದ್ದರೆ ಚೈನ್, ಟೆನ್ಷನರ್, ಗೈಡ್, ಸ್ಪ್ರಾಕೆಟ್ ಎಲ್ಲ ಇರುವ ಪೂರ್ತಿ ಕಿಟ್‌ನ ಖರ್ಚು ಕಳೆದು ಕೊಳ್ಳುತ್ತೇನೆ. ಚೈನ್ ಒಂದನ್ನೇ ಬದಲಿಸಿದರೆ ಹಳೇ ಸ್ಪ್ರಾಕೆಟ್ ಹೊಸ ಚೈನನ್ನು ಬೇಗ ತಿನ್ನುತ್ತದೆ.

ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಬುಡದಿಂದ ಚುಸ್ ಚುಸ್ ಎಂಬ ಸದ್ದು, ಸುತ್ತ ಡಾಂಬರಿನಂಥ ಕಪ್ಪು, ಕ್ಯಾಬಿನ್‌ನಲ್ಲಿ ಹೊಗೆ ವಾಸನೆ: ತಾಮ್ರದ ವಾಷರ್ ಸೋರುತ್ತಿದೆ. ವಾಷರ್‌ನದು ಚಿಲ್ಲರೆ ಕಾಸು. ಕಷ್ಟ ಇಂಜೆಕ್ಟರ್ ಹೊರಗೆ ತೆಗೆಯುವುದರಲ್ಲಿ. ಕಾರ್ಬನ್ ಕಚ್ಚಿಕೊಂಡ ಇಂಜೆಕ್ಟರ್ ಪುಲ್ಲರ್ ಹಾಕಿದರೂ ಬರದೆ ತುಂಡಾಗಬಹುದು. ಹಾಗಾಗಿ ಇಂಥ ಗಾಡಿಗೆ ಒಂದು ಇಂಜೆಕ್ಟರ್‌ನ ಪೂರ್ತಿ ಬೆಲೆಯನ್ನೂ ಖರ್ಚಿಗೆ ಸೇರಿಸುತ್ತೇನೆ.

ಟಕಟಕ ಹೊಡೆತ ಇದ್ದರೆ ಇಂಜೆಕ್ಟರೋ ಬೇರಿಂಗೋ ತಿಳಿಯಬೇಕು. ಇಂಜಿನ್ ಆಫ್ ಮಾಡಿ, ಒಂದು ಇಂಜೆಕ್ಟರ್‌ನ ಕನೆಕ್ಟರ್ ಕಿತ್ತು, ಮತ್ತೆ ಸ್ಟಾರ್ಟ್ ಮಾಡಿ ಕೇಳುವುದು, ಹೀಗೆ ನಾಲ್ಕಕ್ಕೂ. ಒಂದನ್ನು ಕಿತ್ತಾಗ ಸದ್ದು ಪೂರ್ತಿ ಮಾಯವಾದರೆ ಇಂಜೆಕ್ಟರ್ ಕಡೆ ನೋಡುತ್ತೇನೆ. ತಗ್ಗಿ, ಆದರೂ ಅಡಿಯಿಂದ ದಪ್ಪಗೆ ಕೇಳುತ್ತಲೇ ಇದ್ದರೆ ಬೇರಿಂಗ್. ಅದರ ಜೊತೆ ಬಿಸಿ ಇಂಜಿನ್ ಐಡ್ಲಿಂಗ್‌ನಲ್ಲಿ ಆಯಿಲ್ ದೀಪ ಮಿಣುಕಿದರೆ ಅನುಮಾನವೇ ಬೇಡ: ಕ್ರ್ಯಾಂಕ್ ಗ್ರೈಂಡಿಂಗ್, ಅಂಡರ್‌ಸೈಜ್ ಬೇರಿಂಗ್, ಅಂದರೆ ಇಡೀ ಇಂಜಿನ್ ಇಳಿಸುವ ಲೆಕ್ಕ. ಹಳೇ ಪಂಪಿನ ಇಂಜಿನ್‌ಗಳಲ್ಲಿ ಮಾಡುತ್ತಿದ್ದಂತೆ ಓಡುವ ಇಂಜಿನ್‌ನಲ್ಲಿ ಡೀಸೆಲ್ ಪೈಪಿನ ನಟ್ ಸಡಿಲಿಸುವುದು ಎಲ್ಲ ಇಂಜೆಕ್ಟರ್‌ಗೂ ಒಂದೇ ಕೊಳವೆಯಿಂದ (ರೈಲ್) ಡೀಸೆಲ್ ಹೋಗುವ ಇಂಥ ಕಾಮನ್ ರೈಲ್‌ ಇಂಜಿನ್‌ನಲ್ಲಿ ಸರ್ವಥಾ ಕೂಡದು. ಸಾವಿರ ಬಾರ್ ದಾಟುವ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಇಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತಿರುಗಿಸಿ, ಬಾಯಿ ಮೇಲೆಯೇ ಸುಮ್ಮನೆ ಇಡಿ. ಸ್ವಲ್ಪ ನಡುಗುವುದು ಸಹಜ. ಕುಣಿದು ಕೆಳಗೆ ಬಿದ್ದು, ಬಾಯಿಂದ ಹೊಗೆ ಬುಸುಬುಸು ಬಂದರೆ ರಿಂಗ್ ಹೋಗಿವೆ. ಹಿಂದಿನ ಹೊಗೆಯೂ ನೀಲಿ ಇದ್ದರೆ ಖಚಿತ. ಮುಚ್ಚಳ ಶಾಂತವಿದ್ದೂ ನೀಲಿ ಹೊಗೆ ಇದ್ದರೆ ಟರ್ಬೊ ಸೀಲ್ ನೋಡಬೇಕು. ಇಂಟರ್‌ಕೂಲರ್ ಹೋಸ್ ಕಿತ್ತರೆ ಒಳಗೆ ಆಯಿಲ್ ನಿಂತಿರುತ್ತದೆ, ತೆಳು ಪಸೆ ಇದ್ದರೆ ಪರವಾಗಿಲ್ಲ. ಸಿಲಿಂಡರ್‌ನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಲು ಮಾರುವವರು ಒಪ್ಪಿದರೆ ಇನ್ನೂ ಒಳ್ಳೆಯದು. ಡೀಸೆಲ್‌ಗೆ 25ರಿಂದ 30 ಬಾರ್ ಇದ್ದರೆ ಆರೋಗ್ಯ. 20ಕ್ಕಿಂತ ಕೆಳಗೆ, ಇಲ್ಲವೇ ಒಂದು ಸಿಲಿಂಡರ್‌ಗೂ ಇನ್ನೊಂದಕ್ಕೂ ನಾಲ್ಕೈದು ಬಾರ್ ಅಂತರ ಇದ್ದರೆ ಇಂಜಿನ್ ಕೆಲಸ ಎಂದೇ ಲೆಕ್ಕ. ಪೆಟ್ರೋಲ್ ಇಂಜಿನ್‌ಗೆ ಮಾಡುವ ಹಾಗೆ ಸಿಲಿಂಡರ್‌ಗೆ ಆಯಿಲ್ ಸುರಿದು ಮತ್ತೆ ಅಳೆಯುವುದನ್ನು ಡೀಸೆಲ್‌ನಲ್ಲಿ ಮಾಡಬೇಡಿ. ಜಾಗ ಕಿರಿದು, ಆಯಿಲ್ ಹೆಚ್ಚಾದರೆ ಪಿಸ್ಟನ್ನಿನ ರಾಡ್ ಬಾಗುತ್ತದೆ.

ಗಾಡಿಯ ಕಂಪ್ಯೂಟರ್‌ನಲ್ಲಿರುವ ದೋಷದ ಕೋಡ್ ಓದುವ ಒಬಿಡಿ ಸ್ಕ್ಯಾನರ್ ವಿಷಯದಲ್ಲಿ ಎರಡು ಮಾತು. ಮೊದಲು ನೋಡುವುದು ಕೋಡ್ ಅಲ್ಲ, "ಕೋಡ್ ಅಳಿಸಿದ ಮೇಲೆ ಓಡಿದ ದೂರ". ಅದು ನಾಲ್ಕು ಕಿಲೋಮೀಟರ್ ಎಂದು ತೋರಿಸಿದರೆ ನಿಮಗಾಗಿಯೇ ಅಳಿಸಿದ್ದಾರೆ. ಆಮೇಲೆ ಇಗ್ನಿಷನ್ ಆನ್ ಮಾಡಿ, ಇಂಜಿನ್ ಆಫ್ ಇರುವಾಗಲೇ ಮ್ಯಾನಿಫೋಲ್ಡ್ ಒತ್ತಡ (ಇಂಜಿನ್‌ಗೆ ಒಳಹೋಗುವ ಗಾಳಿಯದು) ನೋಡಿ. ಬೆಂಗಳೂರಿನ ಎತ್ತರದಲ್ಲಿ ಸುಮಾರು 90, ಮಂಗಳೂರಿನಲ್ಲಿ 100 ಕಿಲೋಪಾಸ್ಕಲ್ ತೋರಿಸಬೇಕು. ಬೇರೇನೋ ತೋರಿಸಿದರೆ ನಿಜಕ್ಕೂ ಸೆನ್ಸರ್ ಕೆಟ್ಟಿದೆ, ಬ್ರೋಕರ್ ಮಾತು ಸತ್ಯವಾಗಿರಬಹುದು. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಇದು 200ರ ಹತ್ತಿರ ಹೋಗಬೇಕು. 130ರಲ್ಲೇ ನಿಂತು, ಕಪ್ಪು ಹೊಗೆ, ಪಿಕಪ್ ಇಲ್ಲ ಎಂದಾದರೆ ಟರ್ಬೊ ಸತ್ತಿದೆ ಎನ್ನುವ ಮೊದಲು ಇಂಟರ್‌ಕೂಲರ್ ಹೋಸ್‌ಗಳ ಅಡಿಭಾಗದಲ್ಲಿ ಬೆರಳಾಡಿಸಿ. ಸೀಳು ಯಾವಾಗಲೂ ಕಣ್ಣಿಗೆ ಕಾಣದ ಕಡೆಯೇ ಇರುತ್ತದೆ. ಹೋಸ್, ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ವಾಲ್ವ್) ಕಾರ್ಬನ್, ಟರ್ಬೊ ಒತ್ತಡ ಮಿತಿಯಲ್ಲಿಡುವ ವೇಸ್ಟ್‌ಗೇಟ್‌ನ ಪೈಪು: ಗಾಳಿಯ ಕಡೆಯ ಇಂಥ ದೋಷ ಇರುವ ಗಾಡಿಯನ್ನು ಕಣ್ಣುಮುಚ್ಚಿ ತೆಗೆದುಕೊಳ್ಳುತ್ತೇನೆ.

ರೈಲ್ ಪ್ರೆಷರ್ ಕಡಿಮೆ ಎಂಬ ಪಿ0087 ಕೋಡ್ ಬಂದರೆ ಮೊದಲು ಡೀಸೆಲ್ ಫಿಲ್ಟರ್. ಆಮೇಲೆ ಇಂಜೆಕ್ಟರ್‌ಗಳ ರಿಟರ್ನ್ ಪೈಪಿಗೆ ನಾಲ್ಕು ಚಿಕ್ಕ ಬಾಟಲಿ ಕಟ್ಟಿ ಎರಡು ನಿಮಿಷ ಓಡಿಸುವುದು. ಮೂರು ಸಮವಾಗಿ ತುಂಬಿ ಒಂದು ದುಪ್ಪಟ್ಟು ತುಂಬಿದರೆ ಆ ಇಂಜೆಕ್ಟರ್ ರಿಪೇರಿಗೆ. ಫಿಲ್ಟರ್ ಒಳಗೆ ಬೆಳ್ಳಿಯ ಪುಡಿಯಂಥ ಹೊಳಪು ಕಂಡರೆ ಪಂಪ್ ಸವೆದು ಲೋಹದ ಚೂರು ರೈಲು, ಇಂಜೆಕ್ಟರ್ ಎಲ್ಲ ಸೇರಿದೆ; ನಾಲ್ಕೂ ಇಂಜೆಕ್ಟರ್, ಪಂಪ್, ಟ್ಯಾಂಕ್ ತೊಳೆಯುವುದು ಸೇರಿ ಖರ್ಚು ಇಂಜಿನ್ ಕೆಲಸವನ್ನೂ ಮೀರುತ್ತದೆ. ಬಿಟ್ಟು ಬರುತ್ತೇನೆ.

ರೇಟು ಕಟ್ಟುವ ಬಗೆಯನ್ನು ಒಂದು ಉದಾಹರಣೆಯಲ್ಲಿ ನೋಡಿ. ಅದೇ ವರ್ಷದ, ಅಷ್ಟೇ ಓಡಿದ ಸುಸ್ಥಿತಿಯ ಗಾಡಿ ನಿಮ್ಮ ಊರಲ್ಲಿ 3,20,000ಕ್ಕೆ ಹೋಗುತ್ತದೆ ಎಂದುಕೊಳ್ಳಿ. ರಿಂಗ್ ಹೋದ ಗಾಡಿ. ಇಂಜಿನ್ ಓವರ್‌ಹಾಲ್ 1,00,000, ಎರಡು ಇಂಜೆಕ್ಟರ್ ರಿಪೇರಿ 16,000, ಇಂಜಿನ್ ಇಳಿಸಿದಾಗಲೇ ಹಾಕಬೇಕಾದ ಕ್ಲಚ್ 9,000, ಸಾಗಣೆ ಮತ್ತು ಪೇಪರ್ ಖರ್ಚು 6,000, ಬಿಚ್ಚಿದ ಮೇಲೆ ಕಾಣುವುದಕ್ಕೆ 30,000. ಉಳಿದದ್ದು 1,59,000. ಅದಕ್ಕಿಂತ ಮೇಲೆ ಒಂದು ರೂಪಾಯಿಯೂ ಇಲ್ಲ. ಓವರ್‌ಹಾಲ್ ಬೆಲೆಯನ್ನು ಅಂದಾಜಿನಲ್ಲಿ ಹಿಡಿಯದೆ, ಕೆಲಸ ಮಾಡುವ ಗ್ಯಾರೇಜಿನಿಂದಲೇ ಪಾರ್ಟ್ಸ್ ಪಟ್ಟಿ ಸಮೇತ ಬರೆಸಿಕೊಳ್ಳಿ: ಪಿಸ್ಟನ್, ರಿಂಗ್, ಬೇರಿಂಗ್, ಗ್ಯಾಸ್ಕೆಟ್ ಸೆಟ್, ಹೊಸ ಹೆಡ್ ಬೋಲ್ಟ್, ಚೈನ್ ಕಿಟ್, ಆಯಿಲ್ ಪಂಪ್, ಲೇತ್ ಕೂಲಿ. ಹೆಡ್ ಬೋಲ್ಟ್ ಹಳೆಯದೇ ಸಾಕು ಎನ್ನುವ ಗ್ಯಾರೇಜಿಗೆ ನಾನು ಇಂಜಿನ್ ಕೊಡುವುದಿಲ್ಲ.

ಇನ್ನೊಂದು ಲೆಕ್ಕ ವರ್ಷದ್ದು. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ. ಆಮೇಲೆ ಫಿಟ್‌ನೆಸ್ ತೋರಿಸಿ ನವೀಕರಣ. 2012ರ ಗಾಡಿಗೆ ಅದು 2027ರಲ್ಲೇ. ಇಂಜಿನ್ ಕೆಲಸ ಆದ ಗಾಡಿ ಎಂದರೆ ಮುಂದೆ ಕೊಳ್ಳುವವರು ಬಿಲ್ ತೋರಿಸಿದರೂ ಅನುಮಾನದಿಂದಲೇ ನೋಡುತ್ತಾರೆ, ಹಾಕಿದ ದುಡ್ಡು ಮರಳದು. ನಾಲ್ಕು ವರ್ಷವಾದರೂ ನೀವೇ ಓಡಿಸುವುದಿದ್ದರೆ ಮಾತ್ರ ಓವರ್‌ಹಾಲ್ ಗಾಡಿಗೆ ಕೈ ಹಾಕಿ.

ಮೇಲೆ ಹೇಳಿದವಲ್ಲದೆ ಇನ್ನೂ ಎರಡು ಬಗೆಯ ಗಾಡಿಯನ್ನು ಎಷ್ಟೇ ಅಗ್ಗವಾದರೂ ಬೇಡ ಎನ್ನುತ್ತೇನೆ. ಒಂದು, ಇಂಜಿನ್ ಬಿಚ್ಚಿ ಅರ್ಧ ಭಾಗ ಗೋಣಿಚೀಲದಲ್ಲಿ ಇಟ್ಟದ್ದು. ಯಾವ ಕ್ಯಾಪ್ ಯಾವ ರಾಡಿನದು ಎಂದು ಗುರುತಿಟ್ಟಿರುವುದಿಲ್ಲ, ಚಿಕ್ಕಪುಟ್ಟ ಭಾಗ ಕಳೆದಿರುತ್ತದೆ. ಎರಡು, ನೀರಲ್ಲಿ ಮುಳುಗಿದ್ದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ನಿಂತ ನೀರಿನಂಥ ಕಡೆ ಸ್ಟಾರ್ಟ್ ಮಾಡಿದ ಇಂಜಿನ್ ನೀರೆಳೆದು ರಾಡ್ ಬಾಗಿಸಿಕೊಂಡಿರುತ್ತದೆ. ಬಾಗಿದ ರಾಡಿನ ಇಂಜಿನ್ ಕೆಲ ತಿಂಗಳು ಚೆನ್ನಾಗಿಯೇ ಓಡಿ, ಒಂದು ದಿನ ಆ ರಾಡ್ ಬ್ಲಾಕ್ ಒಡೆದು ಹೊರಬರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ಮಣ್ಣಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟಿನ ಹಳಿಗಳ ಅಡಿಯೂ.

ದುಡ್ಡು ಕೊಡುವ ಮುಂಚೆ ಬ್ಲಾಕ್ ಮೇಲಿನ ಇಂಜಿನ್ ನಂಬರ್ ಒರೆಸಿ, ಆರ್‌ಸಿಯಲ್ಲಿರುವ ನಂಬರಿನೊಂದಿಗೆ ಅಂಕಿ ಅಂಕಿಯಾಗಿ ಹೋಲಿಸಿ. ಗುಜರಿ ಇಂಜಿನ್ ಕೂರಿಸಿ ಆರ್‌ಟಿಒದಲ್ಲಿ ನಮೂದಿಸದ ಗಾಡಿಗಳು ಬೇಕಾದಷ್ಟಿವೆ. ಹೆಸರು ವರ್ಗಾವಣೆಯ ಹೊತ್ತಿಗೋ ಫಿಟ್‌ನೆಸ್ ಹೊತ್ತಿಗೋ ತಲೆನೋವು ನಿಮ್ಮದಾಗುತ್ತದೆ. ಹೆಸರು ವರ್ಗಾವಣೆಯ ಫಾರ್ಮ್ 29, 30ಕ್ಕೆ ಸಹಿ, ಸಾಲ ಇದ್ದರೆ ಅದು ತೀರಿದೆ ಎನ್ನುವ ಬ್ಯಾಂಕಿನ ಫಾರ್ಮ್ 35 ಕೈಗೆ ಬಂದ ಮೇಲೆ ಬಾಕಿ ಹಣ. ಗಾಡಿಯನ್ನು ಓಡಿಸಿಕೊಂಡು ಬರಬೇಡಿ, ಟೋಯಿಂಗ್ ಗಾಡಿಗೆ ಏರಿಸಿ. ಚೈನ್ ಸದ್ದು ಇರುವ ಇಂಜಿನ್‌ನಲ್ಲಿ ತುಮಕೂರಿನಿಂದ ಬೆಂಗಳೂರಿಗೆ ಬರುವ ದಾರಿಯಲ್ಲೇ ವಾಲ್ವ್ ಬಾಗಿದರೆ ಉಳಿಸಿದ ಬಾಡಿಗೆ ಹತ್ತು ಪಟ್ಟಾಗಿ ಹೋಗುತ್ತದೆ.