ಮಿದುಳು ಗೆಡ್ಡೆಯ ಶಸ್ತ್ರಚಿಕಿತ್ಸೆ ಮತ್ತು ರಕ್ತ ಹೆಪ್ಪುಗಟ್ಟುವ ತೊಂದರೆ: ನನ್ನ ಅನುಭವ

ಬೆಂಗಳೂರಿನಲ್ಲಿ ಮಿದುಳು ಶಸ್ತ್ರಚಿಕಿತ್ಸೆಗಳ ಅರಿವಳಿಕೆ ತಜ್ಞನಾಗಿ ನಾನು ಎರಡು ವಿರುದ್ಧ ಅಪಾಯಗಳನ್ನು ಒಟ್ಟಿಗೇ ಗಮನಿಸಬೇಕಾಗುತ್ತದೆ. ತಲೆಬುರುಡೆಯೊಳಗೆ ರಕ್ತ ಹೆಪ್ಪುಗಟ್ಟದೆ ಸೋರಿದರೆ ಮಿದುಳು ಒತ್ತಡಕ್ಕೆ ಸಿಲುಕುತ್ತದೆ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು.

ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತೀರಾ ಎಂದು ಕೇಳಿದರೆ ಹೆಚ್ಚಿನವರು ಇಲ್ಲವೆನ್ನುತ್ತಾರೆ. ಹಾಗಾಗಿ ಹಾಸನ, ತುಮಕೂರುಗಳಿಂದ ಬರುವವರಿಗೂ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತರಲು ಹೇಳಿ, ಪ್ರತಿ ಪಟ್ಟಿಯ ಹಿಂಬದಿಯನ್ನು ನಾನೇ ಓದುತ್ತೇನೆ. ಕೊಲೆಸ್ಟರಾಲಿನದೆಂದು ನುಂಗುವ ಕ್ಯಾಪ್ಸೂಲಿನೊಳಗೇ ರಕ್ತ ತೆಳುವಾಗಿಸುವ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ಸೇರಿರುವುದುಂಟು. ಅವುಗಳನ್ನು ಸಾಮಾನ್ಯವಾಗಿ 7 ದಿನ ಮೊದಲು ನಿಲ್ಲಿಸಬೇಕು. ಆದರೆ ಹೃದಯದಲ್ಲಿ ಸ್ಟೆಂಟ್ ಇದ್ದವರಲ್ಲಿ ಹೃದ್ರೋಗ ತಜ್ಞರನ್ನು ಕೇಳದೆ ನಾನು ಒಂದನ್ನೂ ನಿಲ್ಲಿಸುವುದಿಲ್ಲ. ಫಿಟ್ಸ್‌ಗೆಂದು ವಾಲ್‌ಪ್ರೊಯೇಟ್ ಸೇವಿಸುತ್ತಿದ್ದರೆ ಪ್ಲೇಟ್‌ಲೆಟ್ ಜೊತೆಗೆ, ರಕ್ತ ಹೆಪ್ಪುಗಟ್ಟಲು ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನಿನ ಪ್ರಮಾಣವನ್ನೂ ನೋಡುತ್ತೇನೆ, ಏಕೆಂದರೆ ಆ ಔಷಧ ಎರಡನ್ನೂ ಕುಗ್ಗಿಸಬಲ್ಲದು. ಪ್ಲೇಟ್‌ಲೆಟ್ 1 ಲಕ್ಷಕ್ಕಿಂತ ಕಡಿಮೆಯಿದ್ದರೆ, ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದೇ ಮೇಲು.

ಮಿದುಳಿನ ಅಂಗಾಂಶದಲ್ಲಿ ರಕ್ತ ಹೆಪ್ಪುಗಟ್ಟಿಸುವ ಟಿಷ್ಯೂ ಫ್ಯಾಕ್ಟರ್ ಹೇರಳವಾಗಿದೆ. ಅದು ರಕ್ತಕ್ಕೆ ಸೇರಿದಾಗ ಹೆಪ್ಪುಗಟ್ಟಿಸುವ ಅಂಶಗಳು ವೇಗವಾಗಿ ಖರ್ಚಾಗಿ, ಕೊನೆಗೆ ರಕ್ತಸ್ರಾವ ನಿಲ್ಲದಂತಾಗಬಹುದು. ಗಾಯದಲ್ಲಿ ಹೆಪ್ಪು ಕೂಡುತ್ತಿಲ್ಲವೆಂದು ಶಸ್ತ್ರಚಿಕಿತ್ಸಕರು ಹೇಳಿದ ಕೂಡಲೇ ಫೈಬ್ರಿನೋಜನ್ ಪರೀಕ್ಷೆಗೆ ಕಳಿಸಿ, ಫೈಬ್ರಿನೋಜನ್ ಹೇರಳವಾಗಿರುವ ರಕ್ತದ ಅಂಶವಾದ ಕ್ರಯೋಪ್ರೆಸಿಪಿಟೇಟ್ ಸಿದ್ಧವಿಡಲು ರಕ್ತನಿಧಿಗೆ ತಿಳಿಸುತ್ತೇನೆ. ದೇಹ ತಣ್ಣಗಾದರೂ ಹೆಪ್ಪುಗಟ್ಟುವಿಕೆ ಕುಂದುವುದರಿಂದ ರೋಗಿಯನ್ನು ಬೆಚ್ಚಗಿಡುತ್ತೇವೆ.

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು, ಕಾಲುಗಳನ್ನು ಆಗಾಗ ಒತ್ತಿ ಬಿಡುವ ಗಾಳಿಪಟ್ಟಿಗಳನ್ನು ಅರಿವಳಿಕೆಗೆ ಮೊದಲೇ ತೊಡಿಸುತ್ತೇನೆ. ಮರುದಿನದ ಸಿ.ಟಿ. ಸ್ಕ್ಯಾನಿನಲ್ಲಿ ಹೊಸ ರಕ್ತಸ್ರಾವವಿಲ್ಲವೆಂದು ಖಚಿತವಾಗಿ, ಶಸ್ತ್ರಚಿಕಿತ್ಸಕರೂ ಒಪ್ಪಿದ ಮೇಲೆ, ಸುಮಾರು 24 ಗಂಟೆಗಳ ನಂತರ ಹೆಪ್ಪುಗಟ್ಟುವುದನ್ನು ತಡೆಯುವ ಎನಾಕ್ಸಪರಿನ್ ಚುಚ್ಚುಮದ್ದು ಆರಂಭಿಸುತ್ತೇವೆ. ಮೂತ್ರಪಿಂಡ ಸರಿಯಿದ್ದರೆ ದಿನಕ್ಕೊಮ್ಮೆ 40 ಮಿಲಿಗ್ರಾಂ. ತಲೆ ತೆರೆದವರನ್ನು ಅಲುಗಾಡಿಸಬಾರದೆಂದು ಮನೆಯವರು ಅಂಜುತ್ತಾರೆ. ಎಬ್ಬಿಸಿ ಕೂರಿಸುವುದೂ ಚಿಕಿತ್ಸೆಯೇ ಎಂದು ನಾನು ಅವರಿಗೆ ತಿಳಿಹೇಳುತ್ತೇನೆ.

ಸ್ವಾಧೀನ ತಪ್ಪಿದ ಕಾಲಿನ ಬಗ್ಗೆ ನನಗೆ ವಿಶೇಷ ಕಾಳಜಿ. ಸ್ಪರ್ಶಜ್ಞಾನವೂ ಕುಂದಿದ್ದರೆ ಅಲ್ಲಿ ರಕ್ತ ಹೆಪ್ಪುಗಟ್ಟಿದರೂ ರೋಗಿಗೆ ನೋವೇ ತಿಳಿಯದಿರಬಹುದು. ಆದ್ದರಿಂದ ಎರಡೂ ಮೀನಖಂಡಗಳ ಸುತ್ತಳತೆಯನ್ನು ಮೊಣಕಾಲಿನ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಟೇಪಿನಿಂದ ಅಳೆಯುತ್ತೇನೆ. 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ರಕ್ತನಾಳದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸುತ್ತೇನೆ. ಹೆಪ್ಪುಗಟ್ಟಿದ್ದರ ಸುಳಿವು ಕೊಡುವ ಡಿ-ಡೈಮರ್ ಎಂಬ ರಕ್ತಪರೀಕ್ಷೆಯ ಮಟ್ಟ ಶಸ್ತ್ರಚಿಕಿತ್ಸೆಯಿಂದಲೇ ಏರಿರುವುದರಿಂದ ಆ ಹೊತ್ತಿನಲ್ಲಿ ಅದನ್ನು ನೆಚ್ಚುವಂತಿಲ್ಲ.

ಗ್ಲಯೋಬ್ಲಾಸ್ಟೋಮಾ ಎಂಬ ಉಗ್ರ ಮಿದುಳು ಕ್ಯಾನ್ಸರ್ ಇರುವವರಲ್ಲಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮನೆಗೆ ಹೋದ ಬಳಿಕವೂ ತಿಂಗಳುಗಟ್ಟಲೆ ಉಳಿಯುತ್ತದೆ. ಬಿದ್ದ ಕಾಲಿಗೆ ಎಳ್ಳೆಣ್ಣೆ ಹಚ್ಚಿ ನೀವುವುದು ನಮ್ಮ ಕಡೆ ವಾಡಿಕೆ. ಆದರೆ ಆ ಕಾಲು ಹೊಸದಾಗಿ ಊದಿದ್ದರೆ ನೀವಲೇಬಾರದು, ಅದೇ ದಿನ ಡಾಪ್ಲರ್ ಮಾಡಿಸಬೇಕು, ಉಸಿರು ಕಟ್ಟಿದರೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಕೂಡಲೇ ಹೋಗಬೇಕು ಎಂದು ಬಿಡುಗಡೆಯ ಚೀಟಿಯಲ್ಲಿ ಕನ್ನಡದಲ್ಲೇ ಬರೆದುಕೊಡುತ್ತೇನೆ.