ಘಟ್ಟದ ಊರಿಗೆ ನಾವು ಫೈಬರ್ ಎಳೆದ ಬಗೆ

ಶಿರಸಿ ಕಡೆ 30 ಮನೆಯ ಊರು ಅಂದರೆ ತೋಟದ ತಲೆಯಲ್ಲಿ ಎರಡು ಮನೆ, ಹಳ್ಳ ದಾಟಿ ಮೂರು, ಗುಡ್ಡದಾಚೆ ಒಂದು. ಪೇಟೆಯಂತೆ ಒಂದೇ ಕಡೆ 1:32 ಸ್ಪ್ಲಿಟರ್ (ಇಂಟರ್ನೆಟ್ ಹೊತ್ತು ತರುವ ಒಂದು ಫೈಬರಿನ ಬೆಳಕನ್ನು 32 ಪಾಲು ಮಾಡುವ ಸಾಧನ) ಇಟ್ಟರೆ ಅಲ್ಲಿಂದ ಪ್ರತಿ ಮನೆಗೂ ಬೇರೆ ಎಳೆ ಒಯ್ಯಬೇಕು, ಕೇಬಲ್ ಖರ್ಚೇ ಮುಳುಗಿಸುತ್ತದೆ. ಹಾಗಾಗಿ ಊರಿನ ಕ್ರಾಸಿನಲ್ಲಿ 1:4, ಕೇರಿಯ ಬಾಯಲ್ಲಿ 1:8 ಇಟ್ಟೆವು.

ಲೆಕ್ಕ ಹೀಗೆ. ಓಎಲ್‌ಟಿಯಿಂದ, ಅಂದರೆ ಇಂಟರ್ನೆಟ್ ಕೊಡುವವರ ಕಡೆಯ ಯಂತ್ರದಿಂದ, ಹೊರಡುವ ಬೆಳಕು +3 ಡಿಬಿಎಂ. ಡಿಬಿಎಂ ಅಂದರೆ ಬೆಳಕಿನ ಬಲದ ಅಳತೆ, ದಾರಿಯ ನಷ್ಟವನ್ನು ಡಿಬಿಯಲ್ಲಿ ಅದರಿಂದ ಕಳೆಯುತ್ತ ಹೋಗುವುದು. 1:4 ಸುಮಾರು 7.3 ಡಿಬಿ ತಿನ್ನುತ್ತದೆ, 1:8 ಸುಮಾರು 10.5. 9 ಕಿ.ಮೀ. ಫೈಬರಿಗೆ ಕಿ.ಮೀ.ಗೆ 0.35ರಂತೆ 3.15. ಹತ್ತು ಜಾಯಿಂಟಿಗೆ 1, ನಾಲ್ಕು ಕನೆಕ್ಟರಿಗೆ 1.2. ಮನೆಯಲ್ಲಿ −20ರ ಆಸುಪಾಸು ಸಿಗಬೇಕು. ಓಎನ್‌ಟಿ (ಮನೆಯೊಳಗಿನ ಇಂಟರ್ನೆಟ್ ಡಬ್ಬಿ) −27ರವರೆಗೂ ಎಳೆದುಕೊಂಡು ಹೋಗುತ್ತದೆ. ಆದರೂ ಬೇಸಿಗೆಯಲ್ಲಿ −24ಕ್ಕಿಂತ ಕೆಳಗೆ ತೋರಿಸುವ ಮನೆಯ ಕೆಲಸ ಮುಗಿಯಿತು ಅಂತ ನಾವು ಬರೆಯುವುದಿಲ್ಲ. ಆ 3 ಡಿಬಿ ಮಳೆಗಾಲದ ಪಾಲು.

ದೇವಿಮನೆ ಘಟ್ಟದಂಥ ಕಡೆ ರಸ್ತೆ ಬದಿ ಅಗೆದು ಹಾಕಿದ್ದನ್ನು ನಂಬುವಂತಿಲ್ಲ. ಮೇಲೆ ಗಟ್ಟಿ ಚಿರೇಕಲ್ಲು, ಕೆಳಗೆ ನೀರು ಕುಡಿದ ಜೇಡಿ. ಧರೆ ಜಾರಿದರೆ ಕೇಬಲ್ ತನ್ನ ಡಕ್ಟ್ (ಹೊರಗಿನ ಪೈಪು) ಸಮೇತ ಹೋಗುತ್ತದೆ. ಕಂಬದ ಮೇಲೆ ಎಳೆಯುವುದೇ ವಾಸಿ, ಅದೂ ಲೋಹವಿಲ್ಲದ ಎಡಿಎಸ್‌ಎಸ್ ಕೇಬಲ್. ಉಕ್ಕಿನ ತಂತಿಯಿದ್ದರೆ ಸಿಡಿಲಿನ ಹೊಡೆತ ಅದರ ಜತೆಗೇ ಸಾಗಿ ಬರುತ್ತದೆ.

ಅಡಿಕೆ ಮರಕ್ಕೆ ಮಾತ್ರ ಕಟ್ಟಬೇಡಿ. ಗಾಳಿಗೆ ಮರ ತೂಗುತ್ತದೆ, ಅಡಿಕೆ ಕೊನೆ ಇಳಿಸುವ ಕೊನೆಗೌಡರು ಮರದಿಂದ ಮರಕ್ಕೆ ದಾಟುವಾಗ ಬಗ್ಗಿಸುತ್ತಾರೆ, ಕೊಳೆಮದ್ದು ಹೊಡೆಯುವಾಗ ಪೈಪು ಸಿಕ್ಕಿಕೊಳ್ಳುತ್ತದೆ. ತೋಟದ ಅಂಚಿನಲ್ಲಿ ಸುತ್ತಿ ಹೋದರೆ 200 ಮೀಟರ್ ಹೆಚ್ಚು ಬೇಕಾದೀತು. ಬೆಳಕಿನ ಲೆಕ್ಕದಲ್ಲಿ ಅದು 0.07 ಡಿಬಿ, ಒಂದು ಒಳ್ಳೆಯ ಜಾಯಿಂಟಿನಷ್ಟು.

ಮಳೆ ಹಿಡಿದ ಮೇಲೆ ತೊಂದರೆ ಕೊಡುವುದು ಜಾಯಿಂಟ್ ಬಾಕ್ಸ್. ಅದರ ಬಾಯಿ ಕೆಳಮುಖವಾಗಿರಲಿ. ಕೇಬಲ್ ಒಂದು ಗೇಣು ಕೆಳಗಿಳಿದು, ಬಾಗಿ, ಮತ್ತೆ ಮೇಲೇರಿ ಒಳಗೆ ಹೋಗಬೇಕು. ನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಖಾಲಿ ತೂತಿಗೂ ರಬ್ಬರ್ ಬಿರಡೆ ಹಾಕಿ, ಇಲ್ಲವಾದರೆ ಇರುವೆ ಸೇರಿ ಗೂಡು ಮಾಡುತ್ತದೆ. ಟ್ರೇ ಒಳಗೆ ಎಳೆಯ ಸುತ್ತು 30 ಮಿ.ಮೀ. ತ್ರಿಜ್ಯಕ್ಕಿಂತ ಕಿರಿದಾಗಬಾರದು.

ಓಟಿಡಿಆರ್ (ಫೈಬರಿಗೆ ಬೆಳಕು ಬಿಟ್ಟು, ಎಷ್ಟು ದೂರದಲ್ಲಿ ಎಷ್ಟು ನಷ್ಟವಿದೆ ಅಂತ ತೋರಿಸುವ ಯಂತ್ರ) ಅನ್ನು 1310, 1550 ನ್ಯಾನೊಮೀಟರ್ ಎರಡೂ ತರಂಗಾಂತರದಲ್ಲಿ ಹಾಕಿ ನೋಡಿ. ಒಂದೇ ಜಾಗದಲ್ಲಿ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ನಷ್ಟವಿದ್ದರೆ ಜಾಯಿಂಟ್ ಕೆಟ್ಟಿದೆ. 1550ರಲ್ಲಿ ಎದ್ದು ಕಂಡರೆ ಕೇಬಲ್ ಎಲ್ಲೋ ಮಡಚಿದೆ, ಬಹುಶಃ ಕೊಂಬೆ ಬಿದ್ದಿದೆ. ಓಟಿಡಿಆರ್ ತೋರಿಸುವ ದೂರದಲ್ಲಿ ಕಂಬಗಳಿಗೆ ಸುತ್ತಿಟ್ಟ ಹೆಚ್ಚುವರಿ ಕೇಬಲ್ಲೂ ಸೇರಿರುತ್ತದೆ. ಯಾವ ಕಂಬದಲ್ಲಿ ಎಷ್ಟು ಮೀಟರ್ ಸುತ್ತಿದ್ದೀರಿ ಅಂತ ಅವತ್ತೇ ಬರೆದಿಟ್ಟು, ಅಷ್ಟನ್ನು ಕಳೆದು ನಡೆಯಿರಿ.